ಎಡ ಅಂಗೈ

ಚೆಂಡಿಗೆ ನೂರೆಂಟು ಹೊಲಿಗಿ ಇರತಾವ.
ಎಣಿಸಿದಾಂವ ದುರಗಪ್ಪ,
ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ಕುಂತು
ಮೇಣ ಸವರಿದ ದಾರದಲೆ ಮತ್ತ ಹೊಲದಾಂವ.
"ಜಪಮಣಿಯಷ್ಟ ಅದಾವಲ್ಲೋ" ಅಂದಾ,
ಹತ್ತು ರೂಪಾಯಿ ತಗೊಂಡಾ.
ಮಣಿಗೊಂದರಂಗ ಕೇಳಲಿಲ್ಲ, ಪುಣ್ಯಾ.

ಇಡೀ ಕಾಲೇಜಿಗೆ ಚೆಂಡು ಮೂರು, ಬ್ಯಾಟು ಎರಡು,
ಕ್ಯಾಚರಿನ ಕೈಗವಸು ಒಂದ.
ಅದು ನನಗ ಬಂತು, ಯಾಕಂದ್ರ
ತಾಸುಗಟ್ಲೆ ಕುಕ್ಕರಗಾಲಿಲೆ ಕುಂದ್ರಾಕ
ಉಳಿದಾವರು ಒಲ್ಲೆ ಅಂದ್ರು.

ಲಾಲಸಾಬ ನದಾಫ ಒಗೀತಿದ್ದಾ.
ಅವರ ಮನ್ಯಾಗ ಗಾದಿ ತುಂಬತಾರ.
ಹತ್ತಿ ಹಿಂಜೂ ಬಿಲ್ಲಿನ ಮ್ಯಾಲ
ಹನ್ನೆರಡನೇ ವರ್ಷದಿಂದ ಆಡಿದ ತೋಳು.
ಮದಲನೇ ಚೆಂಡು ನನಗ ಕಾಣಲಿಲ್ಲ,
ಕೇಳಿಸ್ತು ಅಷ್ಟ:
ಹತ್ತಿ ರಾಶಿ ಒಳಗಿಂದ ಹೆದಿ ಮಿಡಿದಂಗ,
ಆಮ್ಯಾಲ ಅಂಗೈ.

ಜನ ಅಂತಾರ, ಒಗಿಯಾಂವಂದ ಆಟ ಅಂತ.
ಲಾಳಿ ಒಂದ ಕಡಿಗೆ ಹೋದ್ರ ನೇಯ್ಗಿ ಆಗತೈತೇನು?
ಅಂವ ಒಗೀತಿದ್ದಾ, ನಾ ತಿರುಗಿ ಒಗೀತಿದ್ದೆ,
ಎರಿಮಣ್ಣಿನ ಬಿರುಕಿನ ಮ್ಯಾಲ
ಮೂರು ವರ್ಷ, ಮುಂಜಾನಿ ಆರರಿಂದ
ಮದಲನೇ ಪಿರಿಯಡ್ಡಿನ ಗಂಟಿ ತನಕ.
ಒಂದು ಬೆರಳು ತೋರಿಸಿದ್ರ ಸೀದಾ.
ಎರಡಂದ್ರ ಹೊಳ್ಳೂದು.
ಮೂರು, ಅದು ನಮ್ಮಿಬ್ಬರದ,
ಹಲಗಲಿ ಸರಿಗೂ ಹೇಳಿರಲಿಲ್ಲ:
"ಕ್ಯಾಂಟೀನಿನಾಗ ಮಿರ್ಚಿ ಹಾಕ್ಯಾರ, ಲಗೂನ ಮುಗಸು."

ವಿಜಯಪುರದಾಗ ಕಾಲೇಜುಗಳ ಮ್ಯಾಚಿಗೆ
ಪುಣೆದಾಂವ ಒಬ್ಬ ಬಂದಿದ್ದಾ,
ಕೈಯಾಗ ಕೂದಲ ಒಣಗಿಸೂ ಮಷೀನಿನಂಥಾದ್ದು.
ಚೆಂಡಿನ ಕಡೆ ಹಿಡದಾ. ನೂರಾ ಮೂವತ್ನಾಲ್ಕು ಅಂದಾ.
ಇನ್ನೊಮ್ಮೆ ಒಗಿ. ನೂರಾ ಮೂವತ್ತಾರು.
ಮತ್ತೊಮ್ಮೆ.
ಇಪ್ಪತ್ತೇಳು ಸಲ ಒಗಿಸಿದಾ.
ಇಪ್ಪತ್ತೇಳೂ ಹಿಡದೆ.
ನನ್ನ ಕಡೆ ಆ ಮಷೀನು ತಿರುಗಲಿಲ್ಲ.
ತಿರುಗಿದ್ರರ ಏನ ಕಾಣತಿತ್ತು?
ಕುಂತಾಂವನ ವೇಗ ಸೊನ್ನಿ.

ಹೊಸಾ ಲೀಗು, ಹನ್ನೊಂದು ತಿಂಗಳ ಕರಾರು,
ಇಂಗ್ಲಿಷಿನ ಆರು ಹಾಳಿ.
ಓದಿ ಹೇಳಿದಾಂವ ನಾನ.
ತೋಳಿಗೆ ಪೆಟ್ಟಾದ್ರ ಕರಾರು ಮುಗೀತು ಅಂತ
ನಾಲ್ಕನೇ ಹಾಳಿಯಾಗ ಸಣ್ಣ ಅಕ್ಷರ.
ಅದನ್ನಷ್ಟ ಮೆಲ್ಲಕ ಓದಿದೆ.
ಅವರವ್ವ ಚಾಂದಬಿ ಕೇಳಿದ್ಲು,
"ಅಲ್ಲಿ ಮಲಗಾಕ ಗಾದಿ ಕೊಡತಾರಂತೇನು?"
ಅದು ಯಾವ ಹಾಳಿಯಾಗೂ ಇರಲಿಲ್ಲ.
ಬಸ್ಸಿನ ಟಾಪಿನ ಮ್ಯಾಲ
ಒಂದು ಗಾದಿ ಸುತ್ತಿ ಕಟ್ಟಿದ್ವಿ.

ಈಗ ಬನಹಟ್ಟಿಯಾಗ ನಾಲ್ಕು ಪಾವರ್‌ಲೂಮು ನೋಡಕೋತೀನಿ.
ಮಾಡ ಮುಸುಕಿದ ದಿನ
ಎಡಗೈಯ ತೋರಬೆರಳು ಮಡಚಾಂಗಿಲ್ಲ.
ಅಂವ ಮದಲನೇ ತಿಂಗಳು ಬೆಂಚಿನ ಮ್ಯಾಲ ಕುಂತಾ,
ಎರಡನೇ ತಿಂಗಳು ನೀರಿನ ಬಾಟಲಿ ಹಂಚಿದಾ.
ಫೋನಿನಾಗ ಅಂದಾ:
"ಇಲ್ಲಿ ಕ್ಯಾಚರು ಛಲೋ ಅದಾನ, ಮಾನಿಂಗ,
ಕೈಗವಸೂ ಛಲೋ ಐತಿ.
ಆದ್ರ ಸಪ್ಪಳಾನ ಬರಾಂಗಿಲ್ಲ."

ನಿನ್ನೆ ರಾತ್ರಿ ಅವನ ಕೈಗೆ ಚೆಂಡು ಕೊಟ್ರು.
ಮೊಬೈಲು ಮಗ್ಗದ ಚೌಕಟ್ಟಿಗೆ ಒರಗಿಸಿಟ್ಟೆ.
ಚೆಂಡು ಜೋಳದ ಕಾಳಿನಷ್ಟೂ ಇರಲಿಲ್ಲ,
ಅದನ್ನ ನೋಡಲಿಲ್ಲ ನಾ,
ಆ ಕ್ಯಾಚರಿನ ಬೆರಳು ನೋಡಿದೆ.
ಒಂದು. ಸೀದಾ ಬಂತು.
ಎರಡು. ಹೊಳ್ಳಿತು.
ಆಮ್ಯಾಲ ಲಾಲಸಾಬ ತಲಿ ಅಲ್ಲಾಡಿಸಿದಾ, ಒಲ್ಲೆ ಅಂತ.
ಮತ್ತ ತೋರಿಸಿದಾ, ಮತ್ತ ಒಲ್ಲೆ.
ಏನೋ ಬ್ಯಾರೆ ಕಾಯಾಕ ಹತ್ತಿದ್ದಾ.

ಖಟಪಟ ಮಗ್ಗಗಳ ನಡುವ
ಬಲಗೈಯಾಗ ನೂಲಿತ್ತು,
ಎಡಗೈಲೆ ಮೂರು ಬೆರಳು ಕೆಳಗ ಮಾಡಿದೆ.

ಅಂವ ಒಗದಾ.

ಅಷ್ಟೊತ್ತಿಗೆ ಮೂರನೇ ಮಗ್ಗದಾಗ ಎಳಿ ಹರದು
ಒಂದು ಗೇಣು ಸೀರಿ ಹಂಗ ಓಡಿತ್ತು.
ಮುಂಜಾನಿ ಸಾವಕಾರ ಬೆರಳಾಡಿಸಿ ನೋಡಿದಾ,
ಅರವತ್ತು ರೂಪಾಯಿ ಮುರಕೊಂಡಾ.
ಇರಲಿ ಬಿಡ್ರಿ, ಆ ಸೀರಿ ನನಗ ಕೊಡ್ರಿ, ಅಂದೆ.